ಬಿಎಗೆ ಬಸಪ್ಪನ ಅಪ್ಪಣೆ

ಪಿಯುಸಿಯಲ್ಲಿ ಸೈನ್ಸ್ ತಗೊಂಡು ಒಳ್ಳೆ ಮಾರ್ಕ್ಸ್ ತೆಗೆದ ಹುಡುಗಿ ಬಿಎ ಸೇರುತ್ತೇನೆ ಅಂದರೆ, ಕುದೂರಿನ ಕಡೆ ಜನ ಮೊದಲು ಕೇಳುವುದು ಹುಷಾರಾಗಿದ್ದಾಳಾ ಅಂತ. ಶ್ವೇತಳ ಅಪ್ಪ ಚೆಲುವಯ್ಯನೂ ಹಾಗೇ ಕೇಳಿದ. ಅಷ್ಟು ಸಾಲದು ಅಂತ ಮಗಳ ಜೊತೆ ಮಾತನ್ನೂ ಬಿಟ್ಟ.

ಪಾಪ, ಅವನ ಸಂಕಟವೂ ಸುಳ್ಳಲ್ಲ. ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ತಗೊಂಡು ಹೋದಾಗಲೆಲ್ಲ, ಗೂಡು ತೂಗುವ ಮೊದಲು ಮಗಳ ಮಾರ್ಕ್ಸ್ ಹೇಳುತ್ತಿದ್ದ ಮನುಷ್ಯ. ಬಿಎಸ್ಸಿ ಮುಗಿಸಿ ಬಿಡದಿಯ ಯಾವುದೋ ಫ್ಯಾಕ್ಟರಿಯ ಲ್ಯಾಬಿನಲ್ಲಿ ಮಗಳು ಬಿಳಿ ಕೋಟು ಹಾಕಿಕೊಂಡು ನಿಲ್ಲುತ್ತಾಳೆ ಅಂತ ಮನಸ್ಸಿನಲ್ಲೇ ಕೆಲಸವನ್ನೂ ಕೊಡಿಸಿಬಿಟ್ಟಿದ್ದ. ಶ್ವೇತಳಿಗೆ ಬೇಕಾಗಿದ್ದು ಇತಿಹಾಸ. ಕೆರೆ ಕಟ್ಟಿಸಿದವರು ಯಾರು, ಊರ ಹಿಂದಿನ ವೀರಗಲ್ಲಿನಲ್ಲಿ ಕತ್ತಿ ಹಿಡಿದು ನಿಂತವನು ಯಾರಿಗಾಗಿ ಸತ್ತ, ಇಂಥದ್ದು. ಅದನ್ನು ಅಪ್ಪನ ಮುಂದೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ. "ಬಿಎ" ಅಂತಷ್ಟೇ ಅನ್ನುತ್ತಿದ್ದಳು.

ಇಬ್ಬರ ಮುನಿಸು ನೋಡಿ ನೋಡಿ ಅಜ್ಜಿ ಚಿಕ್ಕಲಕ್ಷ್ಮಮ್ಮನಿಗೆ ಸಾಕಾಯಿತು. "ನಿನ್ ಮಾತೂ ಬ್ಯಾಡ ಕಣ್ಲಾ ಚೆಲುವ, ಅವ್ಳ ಮಾತೂ ಬ್ಯಾಡ. ಹೋಗಿ ಬಸಪ್ಪನ್ನ ಕೇಳ್ಬುಡಿ. ಯಾವ್ದಕ್ಕೆ ಪಾದ ಕೊಡ್ತಾನೋ ಅದ್ನೇ ಓದ್ಲಿ" ಅಂದಳು. ಆ ಮನೆಯಲ್ಲಿ ಅಜ್ಜಿ ಅಂದಿದ್ದೇ ಕೊನೆ.

ಬಸಪ್ಪ ಅಂದರೆ ಪಕ್ಕದೂರಿನ ದೇವರ ಬಸವ, ಗುಡಿಗೆ ಬಿಟ್ಟ ಹೋರಿ. ಕೇಳುವವರು ಅವನ ಮುಂದೆ ಮಂಡಿಯೂರಿ, ಎರಡೂ ಅಂಗೈಯನ್ನು ನೆಲಕ್ಕೆ ಹಾಸಿ, ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟೇ ಹೇಳಬೇಕು. ಒಪ್ಪಿಗೆಯಿದ್ದರೆ ಬಲಗಾಲನ್ನು ಅಂಗೈ ಮೇಲಿಡುತ್ತಾನೆ, ಇಲ್ಲದಿದ್ದರೆ ಇಲ್ಲ. ಗಂಡು ಹೆಣ್ಣು, ಬೋರ್‌ವೆಲ್ಲು, ಅಣ್ಣತಮ್ಮಂದಿರ ವ್ಯಾಜ್ಯ ಎಲ್ಲವನ್ನೂ ಇತ್ಯರ್ಥ ಮಾಡಿದವನಿಗೆ ಬಿಎಸ್ಸಿ ಯಾವ ಮಹಾ! ಬಸಪ್ಪ ತನ್ನ ಕಡೆಯೇ ಅನ್ನುವ ಧೈರ್ಯದಲ್ಲಿ ಚೆಲುವಯ್ಯ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟ.

ಮೊದಲು ಅವನೇ ಮಂಡಿಯೂರಿದ. "ಬಸಪ್ಪಾ, ನನ್ ಮಗ್ಳು ಬಿಎಸ್ಸಿ ಓದ್ಲಾ?"

ಬಸಪ್ಪ ಕಿವಿ ಒದರಿದ, ಅಷ್ಟೇ. ಚೆಲುವಯ್ಯ ಇನ್ನೊಂದು ಸಲ ಕೇಳಿದ. ಬಸಪ್ಪ ಮುಖವನ್ನೇ ತಿರುಗಿಸಿಬಿಟ್ಟ. ಸುತ್ತ ನಿಂತವರು ಗುಸುಗುಸು ಅಂದರು. ಚೆಲುವಯ್ಯನ ಮುಖ ಚಿಕ್ಕದಾಯಿತು.

"ಓದೋಳು ಅವ್ಳು ತಾನೇ ಚೆಲುವಣ್ಣ? ಅವ್ಳೇ ಕೇಳ್ಲಿ ಬುಡು" ಅಂದರು ಪೂಜಾರಿ ವೀರಭದ್ರಯ್ಯ.

ಶ್ವೇತ ಕೂತು ಅಂಗೈ ಹಾಸಿದಳು. ಬಾಯಿಬಿಡದೆ ಈಗ ವಿಧಿಯಿಲ್ಲ. ಅಪ್ಪ ಬೆನ್ನ ಹಿಂದಿದ್ದದ್ದೇ ಒಳ್ಳೆಯದಾಯಿತು, ಮುಖ ಕಂಡಿದ್ದರೆ ಮಾತೇ ಹೊರಡುತ್ತಿರಲಿಲ್ಲ.

"ಬಸಪ್ಪಾ, ನಂಗೆ ಹಿಸ್ಟರಿ ಅಂದ್ರೆ ಪ್ರಾಣ. ಎಲ್ಡು ವರ್ಷ ಸೈನ್ಸ್ ಓದ್ದೆ, ಅಪ್ಪಂಗೋಸ್ಕರ. ಮಾರ್ಕ್ಸ್ ಬಂದಾಗ ಎಲ್ರೂ ಕುಣಿದ್ರು, ನಂಗೇನೂ ಅನ್ನಿಸ್ನಿಲ್ಲ. ಇನ್ಮ್ಯಾಕಾದ್ರೂ ಒಸಿ ನಂಗೋಸ್ಕರ ಓದ್ಲಾ?"

ಬಸಪ್ಪ ಹತ್ತಿರ ಬಂದು ಅಂಗೈ ಮೂಸಿದ. ಅಷ್ಟರಲ್ಲಿ ಯಾರೋ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು, ಬಸಪ್ಪ ಆ ಕಡೆ ಹೊರಟೇಬಿಟ್ಟ. ಅವಳು ಏಳಲಿಲ್ಲ. ಮತ್ತೆ ಬಂದಾನು ಅಂತ ಹಾಗೇ ಕೂತಳು. ಹಿಂದಿನವರು "ಏಳವ್ವ, ಆಯ್ತು" ಅಂತ ಅವಸರ ಮಾಡಿದಾಗ ಅಳು ಉಕ್ಕಿ ಬಂತು.

ಅಪ್ಪನೇ ಬಂದು ರಟ್ಟೆ ಹಿಡಿದು ಎಬ್ಬಿಸಿದ. ಮಣ್ಣಾದ ಅಂಗೈಗಳನ್ನು ತನ್ನ ಟವಲಿನಲ್ಲಿ ಒರೆಸಿದ. ಬೈಕು ಹತ್ತಿಸಿಕೊಂಡು ಊರ ಕಡೆ ಹೊರಟ. ಬಿಎಗೂ ಪಾದ ಸಿಗಲಿಲ್ಲ ಅಂದಮೇಲೆ ಇನ್ನು ನಡೆಯುವುದು ಅಪ್ಪನ ಮಾತೇ, ಬಿಎಸ್ಸಿಯೇ ಗತಿ ಅಂತ ಶ್ವೇತ ಹಿಂದಿನ ಸೀಟಿನಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡಳು.

ಅಜ್ಜಿ ಜಗಲಿಯಲ್ಲೇ ಕಾಯುತ್ತಿದ್ದಳು. "ಯಾವ್ದಕ್ ಕೊಟ್ನಪ್ಪಾ ಪಾದವ?"

ದೇವರ ವಿಷಯದಲ್ಲಿ ತಮಾಷೆಗೂ ಸುಳ್ಳಾಡದವನು ಚೆಲುವಯ್ಯ. ಬೈಕಿನ ಸ್ಟ್ಯಾಂಡ್ ಹಾಕಿದ. ಅವ್ವನ ಮುಖ ನೋಡಲಿಲ್ಲ, ಮಗಳ ಮುಖವನ್ನೂ ನೋಡಲಿಲ್ಲ.

"ಬಿಎಗೆ ಕಣವ್ವ" ಅಂದ. "ಒಂದ್ಸಲ ಅಲ್ಲ, ಎಲ್ಡು ಸಲ ಕೊಟ್ಟ."