ಎಳೆದರೂ ಬಾರದ ಬಾಗಿಲು

ವಿಮಾನದ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ನಗು ಹಂಚುವ ಗಗನಸಖಿಯರು ಬರೀ ನಗುತ್ತಿರುವುದಿಲ್ಲ, ಆಳನ್ನೂ ಅಳೆಯುತ್ತಿರುತ್ತಾರೆ. ಯಾರ ತೋಳಲ್ಲಿ ಕಸುವಿದೆ, ಗಲಾಟೆಯಾದರೆ ಯಾರನ್ನು ಕೂಗಬಹುದು ಎಂದು ನೋಡಿಟ್ಟುಕೊಳ್ಳುವುದು ಅವರ ಕೆಲಸದ ರೂಢಿ. ಕಿರಿಯರೆಲ್ಲ ಅಕ್ಕ ಎಂದೇ ಕರೆಯುವ ಹಿರಿಯ ಗಗನಸಖಿ ಅವತ್ತು ಮುಂದಿನ ಸಾಲಿನ ದಢೂತಿ ಆಸಾಮಿಯನ್ನು ಆರಿಸಿಕೊಂಡು, ಮನಸ್ಸಿನಲ್ಲೇ ಅವನಿಗೆ ಭೀಮ ಎಂದು ಹೆಸರಿಟ್ಟಳು.

ಅವನ ಹಿಂದೆ ಪಟ್ಟೆ ಅಂಗಿಯವನೊಬ್ಬ ತಂಗಿಯ ಕೈ ಬಿಗಿಯಾಗಿ ಹಿಡಿದು ಹತ್ತಿದ. ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ಅಣ್ಣನಿಗೆ ಲಿಫ್ಟಲ್ಲೂ ಉಸಿರು ಕಟ್ಟುತ್ತೆ," ಎಂದಳು ತಂಗಿ.

"ಮೇಲೆ ಹೋದ್ಮೇಲೆ ಸರಿಹೋಗುತ್ತೆ ಬಿಡಿ," ಎಂದು ಅಕ್ಕ ಮುಂದಿನವರತ್ತ ತಿರುಗಿದಳು.

ಸರಿಹೋಗಲಿಲ್ಲ. ವಿಮಾನ ಮೋಡ ದಾಟಿ, ಅಕ್ಕ ಕಾಫಿ ಬಗ್ಗಿಸತೊಡಗಿದಾಗ ಪಟ್ಟೆ ಅಂಗಿಯವನು ನುಗ್ಗಿ ಬಂದು ಅವಳನ್ನು ಗೋಡೆಗೆ ನೂಕಿದ. ಕುದಿಯುವ ಕಾಫಿ ಅವಳ ಮೊಣಕಾಲಿನ ಮೇಲೆ ಸುರಿಯಿತು. ಅವನು ಬಾಗಿಲಿನ ಹಿಡಿಗೆ ಎರಡೂ ಕೈ ಹಾಕಿ ಜಗ್ಗತೊಡಗಿದ.

"ಒಂಚೂರು ಗಾಳಿ," ಎನ್ನುತ್ತಿದ್ದ. "ಒಂಚೂರು ಗಾಳಿ ಬೇಕು."

ಆ ಬಾಗಿಲು ತೆರೆಯುವುದಿಲ್ಲವೆಂದು ಅಕ್ಕನಿಗೆ ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು. ಬೀಗ ಕೊಕ್ಕೆಗಳೆಲ್ಲ ಇವೆ, ಆದರೆ ಅಷ್ಟೆತ್ತರದಲ್ಲಿ ಅದಕ್ಕೆ ನಿಜವಾದ ಕಾವಲು ಗಾಳಿಯದೇ. ಹೊರಗೆ ಗಾಳಿ ತೆಳು, ಒಳಗೆ ದಟ್ಟ. ತುಂಬಿದ ತೊಟ್ಟಿಯ ತಳದ ಬಿರಡೆಯನ್ನು ನೀರು ಅದುಮಿ ಹಿಡಿಯುವಂತೆ ಒಳಗಿನ ಗಾಳಿ ಬಾಗಿಲನ್ನು ಚೌಕಟ್ಟಿಗೆ ಒತ್ತಿರುತ್ತದೆ. ತೆರೆಯಬೇಕಾದರೆ ಬಾಗಿಲು ಮೊದಲು ಒಳಕ್ಕೆ ಸರಿಯಬೇಕು. ಆ ಒತ್ತಡದ ಎದುರು ಅದನ್ನು ಸರಿಸುವ ಗಂಡಾಳು ಇನ್ನೂ ಹುಟ್ಟಿಲ್ಲ. ಸುಮ್ಮನೆ ಬಿಟ್ಟಿದ್ದರೆ ಅವನು ಎಳೆದೆಳೆದು ಸುಸ್ತಾಗಿ ಅಲ್ಲೇ ಕುಸಿದು ಕೂರುತ್ತಿದ್ದ. ಆದರೆ ಕಾಲು ಉರಿಯುತ್ತಿತ್ತು, ರೂಢಿ ಬಾಯಿಗೆ ಬಂದುಬಿಟ್ಟಿತ್ತು.

"ಸರ್, ಸ್ವಲ್ಪ ಬನ್ನಿ. ಇವ್ರನ್ನ ಹಿಡ್ಕೊಳ್ಳಿ."

ಭೀಮ ಹಿಡಿದುಕೊಳ್ಳಲಿಲ್ಲ, ಹೊಡೆದ. ಮೊದಲ ಗುದ್ದಿಗೇ ಮೂಗಿನ ಮೂಳೆ ಲಟಕ್ಕೆಂದಿತು. ಹಿಡಿ ಬಿಡದ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಿಚಿ ಮುರಿದ. ಅಷ್ಟರಲ್ಲಿ ಉಳಿದ ಶೂರರೂ ಎದ್ದು ಬಂದರು. ಹೊರಡುವಾಗ ಸುರಕ್ಷತೆಯ ಮಾತು ಹೇಳಿದರೆ ಆಕಳಿಸುತ್ತಾ ಕೂತಿದ್ದ ಇದೇ ಮಹಾನುಭಾವರು ಈಗ ಬೆಲ್ಟ್ ಬಿಚ್ಚಿ ಬೀಸಿದರು, ಬೂಟುಗಾಲಲ್ಲಿ ಒದ್ದರು. ಒಬ್ಬ ಲ್ಯಾಪ್‌ಟಾಪಿನ ಅಂಚಿನಿಂದ ಅವನ ಕಿವಿಯ ಮೇಲೆ ಹೊಡೆದ; ಕಿವಿ ಹರಿದು ಜೋತಾಡಿತು.

"ನಮ್ಮನ್ನೆಲ್ಲ ಸಾಯಿಸಕ್ಕೆ ಬಂದಿದೀಯೇನೋ?"

"ಸಾಕು ಬಿಡಿ, ಬಾಗಿಲು ತೆಗೆಯಕ್ಕಾಗಲ್ಲ!" ಅಕ್ಕ ಗಂಟಲು ಹರಿಯುವಂತೆ ಕೂಗಿದಳು. ಯಾರ ಕಿವಿಗೂ ಬೀಳಲಿಲ್ಲ. ನಡುವೆ ನುಗ್ಗಿದರೆ ಯಾರದೋ ಮೊಣಕೈ ಬಡಿದು ಅವಳ ತುಟಿ ಸೀಳಿತು. ತಂಗಿ ಜನರ ಕಾಲುಗಳ ಸಂದಿನಲ್ಲಿ ತೆವಳಿ ಅಣ್ಣನ ತಲೆಗೆ ಕೈ ಅಡ್ಡವಿಟ್ಟಳು. ಆ ಕೈಯ ಮೇಲೂ ಬೂಟು ಬಿತ್ತು.

ಇವನು ಸಾಯುತ್ತಾನೆ, ಇವರನ್ನು ಕರೆದವಳು ನಾನೇ ಎಂದು ಅಕ್ಕನಿಗೆ ಹೊಳೆಯಿತು. ಅವಳು ಮೈಕಿನ ಫೋನು ಕಿತ್ತುಕೊಂಡಳು.

"ಎಲ್ಲಾ ಇಲ್ಲಿ ನೋಡಿ. ಈಗ ನಾನೇ ಬಾಗಿಲು ತೆಗೀತೀನಿ."

ಫೋನು ಬಿಸಾಕಿ, ಗೋಡೆಗೆ ಕಾಲು ಕೊಟ್ಟು, ಮೈಭಾರವೆಲ್ಲ ಹಾಕಿ ಹಿಡಿಯನ್ನು ಎಳೆದಳು. ಇದಕ್ಕೆ ಕೆಲಸ ಹೋಗುವುದು ಖಂಡಿತ. ಹೋಗಲಿ. ಹಿಂದೆ ಕಿರುಚಾಟ ಎದ್ದಿತು, ಜನ ಸೀಟುಗಳನ್ನು ತಬ್ಬಿಕೊಂಡರು. ಹಿಡಿ ಸಾಸಿವೆಯಷ್ಟೂ ಅಲುಗಲಿಲ್ಲ.

"ಬರಲ್ಲ ಇದು," ಅವಳ ತುಟಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. "ನೀವೆಲ್ಲ ಸೇರಿ ಜೋತಾಡಿದ್ರೂ ಬರಲ್ಲ. ಯಾತಕ್ಕೆ ಹೊಡೀತಿದೀರಾ ಆ ಮನುಷ್ಯನ್ನ?"

ಎತ್ತಿದ ಕೈಗಳು ಇಳಿದವು. ಭೀಮ ತನ್ನ ಮುಷ್ಟಿಯನ್ನು ನೋಡಿಕೊಂಡ.

"ಮತ್ತೆ ನನ್ನನ್ಯಾಕೆ ಕರೆದ್ರಿ?" ಎಂದ.

ಅಕ್ಕ ಆಮ್ಲಜನಕದ ಸಿಲಿಂಡರ್ ತರಲು ಓಡಿದಳು.

ಪೈಲಟ್ ಹತ್ತಿರದ ನಿಲ್ದಾಣದತ್ತ ವಿಮಾನ ತಿರುಗಿಸಿದ. ಪಟ್ಟೆ ಅಂಗಿಯವನನ್ನು ಬಾಗಿಲ ಬುಡದಲ್ಲೇ ಮಗ್ಗುಲಾಗಿ ಮಲಗಿಸಿ ಆಮ್ಲಜನಕದ ಮುಖವಾಡ ತೊಡಿಸಿದರು. ಅದರೊಳಗೆ ರಕ್ತದ ಗುಳ್ಳೆಗಳೆದ್ದವು. ನೆಲ ಕಾಣುವ ಹೊತ್ತಿಗೆ ಗುಳ್ಳೆ ನಿಂತಿತು. ಎಲ್ಲರೂ ಕೂತು ಬೆಲ್ಟ್ ಹಾಕಿಕೊಂಡರೂ ಅಕ್ಕ ಕೂರಲಿಲ್ಲ. ಬೆಂದ ಮೊಣಕಾಲನ್ನೇ ನೆಲಕ್ಕೆ ಊರಿ, ಅವನನ್ನು ಅಂಗಾತ ಹೊರಳಿಸಿ ಎದೆ ಒತ್ತಿದಳು, ಮುಖವಾಡ ಸರಿಸಿ ಉಸಿರು ಊದಿದಳು, ಮತ್ತೆ ಒತ್ತಿದಳು. ಮುರಿದ ಪಕ್ಕೆಲುಬುಗಳು ಅಂಗೈ ಕೆಳಗೆ ಕರಕರ ಎನ್ನುತ್ತಿದ್ದವು. ಚಕ್ರ ನೆಲಕ್ಕೆ ಬಡಿದಾಗ ಅವಳು ಅವನ ಮೇಲೆಯೇ ಮುಗ್ಗರಿಸಿದಳು. ಅವನು ನರಳಲೂ ಇಲ್ಲ.

ವಿಮಾನ ನಿಂತಿತು. ಹೊರಗೆ ಮೆಟ್ಟಿಲು ತಂದು ಯಾರೋ ಬಾಗಿಲು ತಟ್ಟಿದರು. ತೆಗೆಯುವುದು ಅವಳದೇ ಕೆಲಸ, ಎದ್ದಳು. ಒಳಗೂ ಹೊರಗೂ ಈಗ ಒಂದೇ ಗಾಳಿ. ಒಂದೇ ಕೈಗೆ ಹಿಡಿ ಮೇಲಕ್ಕೆ ಬಂತು, ಬಾಗಿಲು ತೇಲಿದಂತೆ ಪಕ್ಕಕ್ಕೆ ಸರಿಯಿತು. ಹಿಂದೆ ಜನ ಆಗಲೇ ಚೀಲ ಇಳಿಸಿಕೊಂಡು, ದಾರಿಗೆ ಅಡ್ಡವಾಗಿ ಚಾಚಿದ್ದ ಕಾಲುಗಳನ್ನು ಯಾರಾದರೂ ಸರಿಸಲಿ ಎಂದು ಕಾಯುತ್ತಿದ್ದರು.

ತಂಗಿ ಜಜ್ಜಿದ ಕೈಯಲ್ಲೇ ಮುಖವಾಡ ಕಿತ್ತು, ಅಣ್ಣನ ಮುಖವನ್ನು ಬೆಳಕಿನ ಕಡೆ ತಿರುಗಿಸಿದಳು.

"ಅಣ್ಣಾ, ತೆಗೆದಿದಾರೆ ನೋಡು. ಗಾಳಿ ಬರ್ತಿದೆ."