ಎರಡನೇ ಸಾಲಿನ ಕೆಂಪು

ಮತ್ತೆ ಕಂದು, ಅದೇ ಒಣಮಣ್ಣಿನ ಕಂದು, ಅವಳು ಪರದೆಗೆ ಮುಖ ಹತ್ತಿರ ತಂದಳು — ಕೋಡ್ ಬರೆಯುವ ಈ ಎಡಿಟರಿನಲ್ಲಿ ಉದ್ಧರಣ ಚಿಹ್ನೆಗಳ ನಡುವಿನ ಮಾತು ಕೆಂಪಾಗಿ ಕಾಣಬೇಕು, ಟಿಪ್ಪಣಿ ಮಾತ್ರ ಕಂದು, ಆದರೆ ಮಾತು ಉದ್ದವಾಗಿ ಎರಡನೇ ಸಾಲಿಗೆ ಇಳಿದರೆ ಕೆಂಪು ಮಾಯವಾಗುತ್ತದೆಂದು ಬಳಸುವವರ ದೂರು, ಚಿಹ್ನೆ ಇನ್ನೂ ಮುಚ್ಚಿಲ್ಲ ಎಂಬುದನ್ನು ಬಣ್ಣ ಹಚ್ಚುವ ನಿಯಮ ನೆನಪಿಟ್ಟುಕೊಳ್ಳಬೇಕು, ಅಷ್ಟೆ, ಬೆಳಿಗ್ಗೆಯೇ ತಿದ್ದಿದಳು, ಸರಿಹೋಗಲಿಲ್ಲ, ಇನ್ನೊಂದು ರೀತಿ ತಿದ್ದಿದಳು, ಈಗ ನೋಡಿದರೆ ಮೊದಲ ಸಾಲೂ ಕಂದು, ಇದ್ದದ್ದೂ ಹೋಯಿತಲ್ಲ, ಕೆದಕಿ ಕೆದಕಿ ಗಾಯ ಮಾಡಿದ ಹಾಗೆ — ಕೆಮ್ಮು ಬಂತು, ಕರವಸ್ತ್ರ ಬಾಯಿಗೆ ಅದುಮಿಕೊಂಡಳು, ಪಕ್ಕದ ಮೇಜಿನ ಗಿಣಿ, ಸದಾ ಮಾತಾಡುವವಳೆಂದು ಆಫೀಸೇ ಇಟ್ಟ ಹೆಸರು, ತಿರುಗಿದಳು, ಇನ್ನೂ ಹೋಗಿಲ್ವೇನೇ ನಿನ್ನ ಕೆಮ್ಮು, ಧೂಳು ಕಣೇ, ಅಲರ್ಜಿ, ಎಷ್ಟು ಸಲೀಸಾಗಿ ಬರುತ್ತದೆ ಈ ಸುಳ್ಳು, ಅತ್ತೆ ಬಾಯಿಪಾಠ ಮಾಡಿಸಿದ್ದು, ಕ್ಷಯ ಅಂತ ಬಾಯಿ ಬಿಟ್ಟೀಯ ಜೋಕೆ, ನಾಳೆಯಿಂದ ನಿನ್ನ ಲೋಟ ಬೇರೆ ಇಡ್ತಾರೆ, ಮೊದಲು ಲೋಟ ಬೇರೆ ಇಟ್ಟವರು ಅತ್ತೆಯೇ — ಗಿಣಿ ಕುರ್ಚಿ ಎಳೆದುಕೊಂಡು ಬಂದಳು, ಏನೇ ಅದು ನಿನ್ನ ಜೀವ ತಿಂತಿರೋದು, ನೋಡು, ಕೆಂಪು ನಿಲ್ತಾನೇ ಇಲ್ಲ, ಎರಡೂ ಸಾಲು ಕಂದು, ಗಿಣಿ ನಕ್ಕಳು, ತಮಾಷೆ ಮಾಡ್ತಿದೀಯಾ, ಮೆಣಸಿನಕಾಯಿ ಹಾಗೆ ಕೆಂಪಗಿವೆ ಎರಡೂ, ಅವಳು ತಾನು ಬೆಳಿಗ್ಗೆ ತಿದ್ದಿದ್ದನ್ನು ತೆಗೆದು ತೋರಿಸಿದಳು, ಅದೂ ಕೆಂಪೇ ಕಣೇ, ಯಾವಾಗಲೋ ಸರಿಮಾಡಿಟ್ಟು ಕೂತು ಅಳ್ತಿದೀಯಲ್ಲ, ಹೋಗು, ಕಣ್ಣು ತೊಳ್ಕೊಂಡು ಬಾ.

ಕಣ್ಣು — ನಲ್ಲಿಯ ನೀರು ತಣ್ಣಗಿತ್ತು, ತೊಳೆದಳು, ಮತ್ತೆ ತೊಳೆದಳು, ಕ್ಷಯದ ಈ ಮಾತ್ರೆ ಕಣ್ಣಿಗೆ ಹೊಡೀಬಹುದಮ್ಮ, ಡಾಕ್ಟರಮ್ಮ ಹೇಳಿದ್ದರು, ಕೆಂಪು ಮಂಕಾಯ್ತು ಅನ್ನಿಸಿದ್ರೆ ಒಂದು ದಿನಾನೂ ಕಾಯಬೇಡಿ, ಓಡಿ ಬನ್ನಿ, ತಡವಾದ್ರೆ ಹೋದ ದೃಷ್ಟಿ ಬರದೇ ಇರಬಹುದು, ಅವಳು ನಕ್ಕಿದ್ದಳು, ಬಣ್ಣವೇ ನನ್ನ ಕೆಲಸ ಡಾಕ್ಟ್ರೇ, ನನಗೆ ಗೊತ್ತಾಗದೇ ಇರುತ್ತಾ — ಎಂದಿನಿಂದ, ಇವತ್ತಿನಿಂದಲೇ ಇರಬೇಕು, ಇವತ್ತೇ ಆದರೆ ತಡವೇನಲ್ಲ, ಈಗಲೇ ಹೊರಟರೆ — ಇಲ್ಲ, ಪರದೆ ಹಳೆಯದಾಯಿತೆಂದು ಬೈದುಕೊಳ್ಳುತ್ತ ಅದರ ಬೆಳಕು ಏರಿಸುತ್ತಲೇ ಇದ್ದಾಳೆ, ಎಷ್ಟು ದಿನದಿಂದ, ಮಗಳ ಶಾಲೆಯ ಓಟ ಯಾವತ್ತಿತ್ತು, ಹೋದ ವಾರ, ಅಲ್ಲ, ಅದಕ್ಕೂ ಹಿಂದಿನ ವಾರ, ಬಾಗಿಲಲ್ಲಿ ನಿಂತ ಮಗಳು, ಮೈಮೇಲೆ ಕಂದು ಸ್ವೆಟರ್, ಕೆಂಪು ತಂಡದವಳು ಇದನ್ಯಾಕೆ ಹಾಕಿದ್ದೀ, ಹೇಳಿದ್ದು ಒಂದಾದ್ರೂ ತಲೆಗೆ ಹೋಗತ್ತಾ ನಿಂಗೆ, ಅಮ್ಮಾ, ಇದೇ ಕೆಂಪು, ಎದುರುತ್ತರ ಬೇರೆ, ಬೆನ್ನಿಗೊಂದು ಬಿತ್ತು, ತುಟಿ ಕಚ್ಚಿಕೊಂಡು ಮೆಟ್ಟಿಲಿಳಿದ ಸ್ವೆಟರ್ — ಅಷ್ಟು ದಿನ, ದಿನಾ ಅದೇ ಮಾತ್ರೆ, ನಿಯಮ ತಪ್ಪದೆ, ನೀರಿನ ಜೊತೆ — ಹೋಗಬೇಕು, ಗಿಣಿಗೆ ಏನು ಹೇಳಲಿ, ಧೂಳು ಅನ್ನಲೇ, ಸ್ವೆಟರ್ ಮೆಟ್ಟಿಲಿಳಿಯುತ್ತಿದೆ, ತಿರುಗಿ ನೋಡದೆ ಇಳಿಯುತ್ತಿದೆ, ಅವಳು ಕಣ್ಣು ಕಿರಿದುಮಾಡಿ ದಿಟ್ಟಿಸುತ್ತಾಳೆ, ನೆನಪಿನಲ್ಲಾದರೂ ಕೆಂಪಾಗು, ಒಂದು ಸಲ — ಕಂದು, ಮೆಟ್ಟಿಲ ಮೇಲೆ ಆ ಸಣ್ಣ ಸ್ವೆಟರ್, ಕಂದು, ಕಂದು