ಪಾಪ ಅಂದದ್ದು

ಪರದೆಯ ಮೇಲೆ ನಾಯಕಿ ಗಂಡನ ಮನೆಯ ಮೆಟ್ಟಿಲಿನಲ್ಲಿ ಸೂಟ್‌ಕೇಸ್ ಎಳೆದುಕೊಂಡು ಇಳಿಯುತ್ತಿದ್ದಳು. ಅದರ ಒಂದು ಚಕ್ರ ಮುರಿದಿತ್ತು. "ಪಾಪ," ಎಂದು ಜಯಲತಾಳ ಬಾಯಿಂದ ಬಂತು. ಪಕ್ಕದ ಸೀಟಿನ ಮುಕ್ತಾ ತಿರುಗಿ ನೋಡಿದಳು. ತಾಗಿಕೊಂಡಿದ್ದ ತೋಳನ್ನು ಎಳೆದುಕೊಂಡಳು.

ತಪ್ಪೇನಾಯಿತೆಂದು ಜಯಲತಾಳಿಗೆ ತಿಳಿಯಲಿಲ್ಲ. ಮಗ ಸಮಿತ್ ಮದುವೆಯಾಗಬೇಕೆಂದಿರುವ ಹುಡುಗಿ ಇವಳು. ಡೊಂಬಿವಲಿಯ ಮರಾಠಿ ಮನೆಯವಳು. ಮೊದಲ ಮದುವೆಯಿಂದ ಹೊರಬಂದು ಎರಡು ವರ್ಷವಾಗಿತ್ತು. ಇಂಥ ಕಥೆಯೆಂದು ಗೊತ್ತಿದ್ದರೆ ಜಯಲತಾ ಎಲ್ಲರನ್ನೂ ವಾಶಿಯ ಮಾಲ್‌ಗೆ ಸಿನಿಮಾಕ್ಕೆ ಹೊರಡಿಸುತ್ತಲೇ ಇರಲಿಲ್ಲ. ಭಾನುವಾರ ಮುಕ್ತಾಳ ಅಪ್ಪ ಅಮ್ಮ ಮಾತುಕತೆಗೆ ಬರುವವರಿದ್ದರು. ಇನ್ನು ಬಾಯಿ ಬಿಡಬಾರದು ಎಂದುಕೊಂಡಳು. ಆದರೆ ನಾಯಕಿ ತವರಿನ ಬಾಗಿಲಲ್ಲಿ ನಿಂತಾಗ ಅದೇ ಮಾತು ಮತ್ತೆ ಜಾರಿತು.

ಸಿನಿಮಾ ಮುಗಿದ ಮೇಲೆ ಸಮಿತ್ ಕಾಫಿ ತರಲು ಹೋದ. ಜಯಲತಾ ಪಕ್ಕದ ಕುರ್ಚಿಯಲ್ಲಿ ಚೀಲವಿಟ್ಟಳು. ಮುಕ್ತಾ ಮೇಜಿನ ಆಚೆ ತುದಿಯಲ್ಲಿ ಕೂತಳು. ಕಳವಾ ಉಪನಗರದಲ್ಲಿ ಹೋಟೆಲು ನಡೆಸುವ ಗಂಡ ಲೀಲಾಧರ ಮಂಡಿ ನೀವಿಕೊಂಡ.

"ಲಾಯ್ಕುಂಟು ಮಾರಾಯ್ತಿ. ನಡುವೆ ಎಳೆದಿದ್ದಾರೆ, ನನಗೊಂದು ನಿದ್ರೆಯೂ ಆಯ್ತು. ಆದ್ರೆ ಕಡೆಗೆ ಗಂಡನ ಹತ್ರ ವಾಪಸ್ ಹೋದ್ಳಲ್ಲ, ಅದು ಸರಿ."

'ವಾಪಸ್' ಮಾತ್ರ ಮುಕ್ತಾಳಿಗೆ ಅರ್ಥವಾಗಿರಬೇಕು.

"ಕಾಕೂ, ತುಮ್ಹಾಲಾ ಕಾಯ್ ವಾಟ್ಲ?" ನಿಮಗೇನನ್ನಿಸಿತು ಎಂದು ಕೇಳಿದವಳು ದನಿ ತಗ್ಗಿಸಿದಳು. "ತುಮ್ಹೀ ದೋನ್‌ದಾ ಪಾಪ್ ಮ್ಹಣಾಲಾತ್."

ಎರಡು ಸಲ ಪಾಪ ಅಂದಿರಿ, ಎಂದು. ಎಣಿಸಿದ್ದಾಳೆ. ಮರಾಠಿಯಲ್ಲಿ ಆ ಮಾತಿಗಿರುವುದು ಒಂದೇ ಅರ್ಥ, ದೇವರು ಲೆಕ್ಕವಿಡುವಂಥದ್ದು. ಜಯಲತಾ ಮೂವತ್ತು ವರ್ಷ ತರಕಾರಿಯವಳೊಡನೆ ಆಡಿದ ಮರಾಠಿ ಈಗ ನಾಲಿಗೆಗೆ ಬರಲೊಲ್ಲದು.

"ನಾಹೀ, ನಾಹೀ. ಆಮ್ಚ್ಯಾ ಭಾಷೇತ್ ಪಾಪ ಮ್ಹಣ್ಜೇ..." ನಮ್ಮ ಭಾಷೆಯಲ್ಲಿ ಪಾಪ ಅಂದರೆ ಎಂದು ಶುರುಮಾಡಿ, ಕನಿಕರದ ಮಾತಿಗೆ ತಡಕಾಡಿದಳು. "ಬಿಚಾರೀ. ಬಿಚಾರೀ!"

ಮುಕ್ತಾ ನಗಲಿಲ್ಲ. ನಂಬಿದಂತೆಯೂ ಕಾಣಲಿಲ್ಲ. ಲೀಲಾಧರ ಇಬ್ಬರನ್ನೂ ನೋಡುತ್ತಿದ್ದ.

"ಶೇವಟ್ ಖೋಟಾ ಆಹೇ," ಎಂದಳು ಜಯಲತಾ. ಆಮೇಲೆ ಗಂಡನ ಕಡೆ ತಿರುಗಿದಳು. "ಕೊನೆ ಸುಳ್ಳು ಅಂದೆ. ಚಕ್ರ ಮುರಿದ ಸೂಟ್‌ಕೇಸ್ ಎಳ್ಕೊಂಡು ಅಷ್ಟು ಮೆಟ್ಲು ಇಳಿದವಳು ಒಂದು ಹಾಡಿಗೆ ವಾಪಸ್ ಹೋಗ್ತಾಳಾ? ಹೋಗ್ಬಾರ್ದಿತ್ತು. ಬರೆದವನಿಗೆ ಎಂತದೂ ಗೊತ್ತಿಲ್ಲ."

"ನಿಂಗೆಂತಾಯ್ತು? ಸಿನಿಮಾ ಅಲ್ವಾ!" ಲೀಲಾಧರ ಸಿಡುಕಿ ಎದ್ದ. ಮಂಡಿ ಹಿಡಿದುಕೊಂಡಿತು. "ಅಯ್ಯಬ್ಬಾ," ಎಂದು ಮತ್ತೆ ಕುಸಿದು ಕೂತ.

ಮುಕ್ತಾ ಎದ್ದು ಬಂದು ಅವನ ಮೊಣಕೈ ಹಿಡಿದಳು. ಜಯಲತಾಳನ್ನೇ ನೋಡುತ್ತ, ಸಾರಿಗೆ ಉಪ್ಪು ಹಿಡಿದಿದೆಯೇ ಎಂದು ನೋಡುವವರ ಹಾಗೆ, ಮೆಲ್ಲಗೆ ಅಂದಳು:

"ಪಾಪ?"

ಜಯಲತಾ ಪಕ್ಕದ ಕುರ್ಚಿಯಿಂದ ಚೀಲ ತೆಗೆದು ಮಡಿಲಲ್ಲಿಟ್ಟುಕೊಂಡಳು.